ಅಂಗೈಯಷ್ಟು ಕೆನಿ

ಗಂಗಾವತಿ ರೈಸ್‌ಮಿಲ್ಲಿನ ಲೆಕ್ಕದವನ ಕಡಿಂದ
ಇಪ್ಪತ್ತೆರಡು ಸಾವಿರಕ್ಕ ತಂದ ಫಿಯೆಟ್ಟು.
ಕಾಗದದಾಗ ಬಣ್ಣ ಕೆನಿ ಅಂತ ಬರದೈತಿ.
ಗಿಣಿಗೇರಾಕ್ಕ ಬಂದು ಹದಿನೈದು ದಿನದಾಗ
ಹಂಚಿನ ಬೆನ್ನಾತು.

ರಾತ್ರಿ ಚಿಮಣಿ ಬಿಡತಾವು, ಮುಂಜಾನೆ ನಾವು ಉಜ್ಜತೀವಿ.
ಹರವಿದ ಸೀರಿ, ತುಳಸಿ ಎಲಿ, ಹಪ್ಪಳ,
ಎಲ್ಲಾದರ ಮ್ಯಾಲೂ ಒಂದು ಚಿಟಿಕಿ ಕರಿ ಪುಡಿ.
ನಾಯಿ ಮೂಗಿಗಷ್ಟ ತೊಂದ್ರಿ ಇಲ್ಲ,
ಅದು ಮೊದಲ ಕರೇದು.

ಹೊಸಪೇಟಿ ಅಂಗಡ್ಯಾಗ ಕಾರಿನ ಶಾಂಪೂ
ನಾನೂರಾ ಎಂಬತ್ತು ಅಂದ.
ನನ್ನ ತಲಿಗೇ ಎರಡು ರೂಪಾಯಿ ಚೀಟು ಹಾಕ್ತೀನಿ ಮಾರಾಯಾ,
ಅಂದು ತಿರುಗಿ ಬಸ್ ಹತ್ತಿದೆ.

ಖಾನಾವಳಿ ನಡಸಾಕಿ ನಾನು.
ಹತ್ತೊಂಬತ್ತು ವರ್ಷ ಡಬರಿ ತಳ ತಿಕ್ಕೀನಿ.
ಕಾರಂದ್ರ ಏನು,
ನಾಕು ಗಾಲಿ ಮ್ಯಾಲೆ ಬೋರಲಾದ ಡಬರಿ.

ಮೊದಲು ಹುಳಿ ಮಜ್ಜಿಗಿ.
ಬಾನೆಟ್ಟಿಗೆ ಒಂದು ತಂಬಗಿ ಸುರುವಿ ಒಳಗ ಹೋದೆ.
ಓಣಿ ಬೆಕ್ಕೆಲ್ಲಾ ಬಂದು ನೆಕ್ಕಿ ಹೋದವು.
ಹೊಲಸು ಹಂಗ ಉಳೀತು,
ನಾಲಿಗಿ ಗೆರಿ ಮಾತ್ರ ಬೆಳ್ಳಗ.

ಆಮ್ಯಾಲೆ ಸಾರಿಗೆ ಕಿವುಚಿದ ಹುಣಸಿ ಗಸಿ.
ಬಂಪರ್ ಹೊಳೀತು, ಖರೇನ.
ಹೊಳಪು ಎಲ್ಲೆಲ್ಲಿ ಹೋಗೈತಿ ಅನ್ನೂದೂ
ಅಷ್ಟ ಚಂದ ಕಾಣಾಕ ಹತ್ತಿತು.

ಗಾಳಿ ಬರೋ ಕಿಂಡ್ಯಾಗಿನ ಧೂಳು ಎಳಿಯಾಕ
ಹುಲಿಗೆವ್ವ ಬಡದು ಉಳಿದ ರೊಟ್ಟಿ ಹಿಟ್ಟು ಒತ್ತಿದೆ.
ಜ್ವಾಳ ಎಲ್ಲೆರ ಹಿಡೀತೈತೇನು?
ಬಿರಿದು ಒಳಗ ಬಿತ್ತು.
ನಾಕು ದಿನ ಇರಿವಿ ಸಾಲು ಸ್ಟೇರಿಂಗ್ ಹತ್ತಿ ಇಳೀತು.
ಚಪಾತಿ ಹಿಟ್ಟು ಹಿಡೀತು.
ಇದನ್ನ ಹೇಳಿಕೊಡಾಕ ಯಾವ ಗ್ಯಾರೇಜೂ ಬೇಕಿಲ್ಲ.

ಮುಂದಿನ ಗಾಜಿಗೆ ಕೊರದ ಉಳ್ಳಾಗಡ್ಡಿ.
ಪಾಮಣ್ಣ ಊಟದ ಡಬ್ಬಿ ಹೇರಿಕೊಂಡು
ಎರಡನೇ ಗೇಟಿನತನಕ ಅಳಕೋತ ಓಡಿಸಿದ.
ವಾಚ್‌ಮನ್ ಟೋಪಿ ತಗದು ಕೇಳಿದನಂತ,
ಯಾರಪಾ ಹೋದವ್ರು?

ತುಕ್ಕಿಗೆ ಕೋಲಾ ಅಂತ ಎಲ್ಲೋ ಕೇಳಿದ್ದೆ.
ಬಾಗಿಲ ಬುಡಕ್ಕ ಎರಡು ಬಾಟ್ಲಿ ಹೊಯ್ದು
ತಂತಿಬ್ರಷ್ ತಗೊಂಡು ಮಧ್ಯಾಹ್ನತನಕ ತಿಕ್ಕಿದೆ.
ತುಕ್ಕು ಹೋತು. ರಸ್ತಾ ಕಂಡಿತು.
ಪಂಚರ್ ಅಂಗಡಿ ಮೌಲಾಸಾಬ ಬಗ್ಗಿ,
ತೂತಿನಾಗ ಬೆರಳಾಡಿಸಿ ಅಂದ:
'ಅಕ್ಕಾರ, ಕೆಲವು ಬಾಗಿಲಾ
ತುಕ್ಕಿನ ಭರೋಸೆ ಮ್ಯಾಲೇ ನಿಂತಿರತಾವು.
ನೀವು ಹೋಗಿ ಅದನ್ನ ತಗದ್ರಿ.'

ಕಡೀಕ ಅಂಟವಾಳ.
ರಾತ್ರಿ ನೆನಿಹಾಕಿ, ಕಿವುಚಿ, ನೊರಿ ಎಬ್ಬಿಸಿ,
ಪಾಮಣ್ಣನ ಹಳೇ ಲುಂಗಿಲೆ
ಬಾನೆಟ್ಟಿನ ಒಂದ ಜಾಗ ಹಿಡದೆ.
ತಿಕ್ಕಿದೆ. ತಿಕ್ಕಿದೆ. ರಟ್ಟಿ ಬಿದ್ದು ಹೋದವು.
ಮ್ಯಾಲೆ ಎರಡು ಹನಿ ಕೊಬ್ರಿ ಎಣ್ಣಿ.
ಅಂಗೈಯಷ್ಟು ಕೆನಿ ಕಂಡಿತು,
ಅದರಾಗ ಮಸಕು ಮಸಕಾಗಿ ನನ್ನ ಮಾರಿ.

ಅಷ್ಟರಾಗ ಒಳಗಿಂದ ಸಾರು ಉಕ್ಕಿದ ವಾಸನಿ.
ನಲವತ್ತೆರಡು ಡಬ್ಬಿ ಕಾಯಾಕ ಹತ್ತಿದ್ವು.
ಉಳಿದದ್ದು ನಾಳೆ ಅಂದೆ.

ಆ ನಾಳೆ ಬಂದು ಎರಡು ಬ್ಯಾಸಗಿ ಆತು.
ಹುಲಿಗೆವ್ವ ಅಲ್ಲೇ ಬಗ್ಗಿ ಕುಂಕುಮ ತಿದ್ದತಾಳ.
ರಾತ್ರಿ ಪಾಳಿ ಮುಗಿಸಿದ ಬಿಹಾರದ ಹುಡುಗರು
ಸರತೀಲೆ ತಲಿ ಬಾಚತಾರ.
ಒಂದು ಗುಬ್ಬಿ ತನ್ನ ಸಂಗ್ತ ತಾನ ಜಗಳ ಆಡಿ
ಹಿಕ್ಕಿ ಹಾಕಿ ಹೋಗತೈತಿ.
ಮುಂಜಾನೆ ಯಾರು ಮೊದಲು ಬರತಾರೋ ಅವರು
ಸೆರಗಿಲೋ ಟವಲ್‌ಲೋ ಅಷ್ಟ ಜಾಗ ಒರಸತಾರ.
ಪಕ್ಕದ ಒಂದು ಬೆರಳಗಲ ಯಾರೂ ಮುಟ್ಟಂಗಿಲ್ಲ.

ಮೊನ್ನೆ ವಿಮೆಯವ ಬಂದಿದ್ದ.
ಕಾಗದ ನೋಡಿದ, ಕಾರ್ ಸುತ್ತ ಒಂದು ಸುತ್ತು ಹಾಕಿದ,
'ಗಾಡಿ ಬಣ್ಣ ಯಾವುದ್ರೀ?' ಅಂದ.
ನಾನು ಬಾಯಿ ತಗಿಯೂದ್ರಾಗ ಹುಲಿಗೆವ್ವ
ಹಿಟ್ಟಿನ ಬೆರಳಿಲೆ ತೋರಿಸಿದ್ಲು:
'ಇಷ್ಟು ಅಕ್ಕಂದು.
ಉಳಿದದ್ದು ಕಂಪನೀದು.'
ಅವ ಹಾಳಿ ಮ್ಯಾಲಿನ ಪುಡಿ ಉಫ್ ಅಂತ ಊದಿ
ಏನೋ ಬರಕೊಂಡ.